ಯವಸುರೆಯ ರುಚಿಭೇದ

ಪಾಣಿನೀಯವನ್ನು ಅಭ್ಯಾಸಮಾಡುವ ಬಾಲಕರು ಸಮಾಸಗಳ ಲಿಂಗವಿಚಾರಕ್ಕೆ ಬಂದಾಗ 'ಯವಸುರಂ, ಯವಸುರಾ' ಎಂಬ ಉದಾಹರಣೆಯನ್ನು ಬಾಯಿಪಾಠ ಮಾಡುವುದುಂಟು. ಸುರಾಶಬ್ದವು ತತ್ಪುರುಷದ ಕೊನೆಯಲ್ಲಿ ಬಂದರೆ ನಪುಂಸಕಲಿಂಗವು ವಿಕಲ್ಪವೆಂಬುದು ಅಲ್ಲಿಯ ವಿಧಿ. ಪೂರ್ವಪದಕ್ಕೆ ಜವೆಗೋದಿಯೆಂದೂ ಉತ್ತರಪದಕ್ಕೆ ಮದ್ಯವೆಂದೂ ಅರ್ಥವನ್ನು ಹೇಳಿ ಗುರುಗಳು ಮುಂದಿನ ಉದಾಹರಣೆಗೆ ಸಾಗುವರು. ಆ ಪದಾರ್ಥದ ಬಣ್ಣವೇನು, ಕಂಪೇನು, ರುಚಿಯೇನೆಂದು ಕೇಳುವ ಶಿಷ್ಯನೂ ಇಲ್ಲ, ಹೇಳಬಲ್ಲ ಗುರುವೂ ಇಲ್ಲ. ಈ ಜವೆಗೋದಿಯ ಮದ್ಯವೇ ಬಿಯರೆಂಬ ಹೆಸರಿನಿಂದ ಇಂದು ಲೋಕದಲ್ಲೆಲ್ಲ ಹಬ್ಬಿರುವುದು.

ಕುಡಿಯದವರಿಗೆ ಈ ವಿಚಾರವೇಕೆಂದು ಯಾರಾದರೂ ಶಂಕಿಸಬಹುದು. ಮದವು ಬೇರೆ, ರುಚಿಯು ಬೇರೆ. ಮದದ ಕಥೆಯು ಎಲ್ಲ ದೇಶಗಳಲ್ಲಿಯೂ ಒಂದೇ. ಅದರಿಂದ ಹಾಳಾದ ಮನೆಗಳನ್ನು ನೋಡುವುದಕ್ಕೆ ಸಮುದ್ರವನ್ನು ದಾಟಬೇಕಾದುದಿಲ್ಲ. ರುಚಿಯ ಕಥೆಯಾದರೋ ದೇಶಕ್ಕೊಂದು, ಊರಿಗೊಂದು.

ಬಿಯರಿಗೆ ಮುಖ್ಯವಾಗಿ ಬೇಕಾದ ಸಾಮಗ್ರಿಗಳು ನಾಲ್ಕು: ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ, ನೀರು, ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ ಬಳ್ಳಿಯ ಹೂ, ಮತ್ತು ಹುದುಗು ಬರಿಸುವ ಯೀಸ್ಟು. ಈ ಕಡೆಯ ವಸ್ತುವಿಗೆ ಸಂಸ್ಕೃತದಲ್ಲಿ ಕಿಣ್ವವೆಂದು ಹೆಸರು. ಜಡಭೂತಗಳಿಂದಲೇ ಚೈತನ್ಯವು ಹುಟ್ಟುವುದೆಂದು ವಾದಿಸುವ ಚಾರ್ವಾಕರು ಕಿಣ್ವಾದಿಗಳಿಂದ ಮದಶಕ್ತಿಯು ಹುಟ್ಟುವುದನ್ನೇ ದೃಷ್ಟಾಂತವಾಗಿ ಕೊಟ್ಟರು. 1516ರಲ್ಲಿ ಬವೇರಿಯದ ಪ್ರಭುಗಳು ಬಿಯರಿಗೆ ಜವೆಗೋದಿ, ಹಾಪ್, ನೀರು ಈ ಮೂರರ ಹೊರತು ಬೇರೇನನ್ನೂ ಹಾಕಕೂಡದೆಂದು ಕಟ್ಟಳೆ ಮಾಡಿದಾಗ ಯೀಸ್ಟಿನ ಹೆಸರನ್ನೇ ಎತ್ತಲಿಲ್ಲ. ಹುದುಗುವಿಕೆಯು ಜೀವಾಣುಗಳ ಕೆಲಸವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಲೂಯಿ ಪಾಸ್ಟರನು ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದುದು 1876ರಲ್ಲಿ.

ಒಂದೇ ಬೇಳೆ, ಒಂದೇ ಹುಣಿಸೆಯಾದರೂ ಮನೆಮನೆಗೆ ಸಾರು ಬೇರೆಯಾಗುವಂತೆ, ಈ ನಾಲ್ಕರಿಂದಲೇ ನಾನಾ ರುಚಿಗಳು ಹುಟ್ಟಿದುವು. ಬೊಹಿಮಿಯದ ಪಿಲ್ಸನ್ ಪಟ್ಟಣದವರು 1838ರಲ್ಲಿ ತಮ್ಮ ಊರಿನ ಕೆಟ್ಟ ಬಿಯರನ್ನು ಸಹಿಸಲಾರದೆ, ಪೀಪಾಯಿಗಳನ್ನು ಪುರಭವನದ ಮುಂದೆಯೇ ಬರಿದುಮಾಡಿದರು. ಬಳಿಕ ಹೊಸ ಭಟ್ಟಿಯನ್ನು ಕಟ್ಟಿಸಿ, ಬವೇರಿಯದಿಂದ ಯೋಸೆಫ್ ಗ್ರೋಲನೆಂಬುವನನ್ನು ಕರೆಯಿಸಿದರು. 1842ರಲ್ಲಿ ಆತನು ಆ ಊರಿನ ಮೃದುಜಲದಿಂದಲೂ ಸಮೀಪದ ಜಾಟೆಟ್ಸ್ ಸೀಮೆಯ ಹಾಪಿನಿಂದಲೂ ಹೊಂಬಣ್ಣದ, ತಿಳಿಯಾದ ಬಿಯರನ್ನು ಮಾಡಿದನು. ಇಂದು ಪ್ರಪಂಚದಲ್ಲಿ ಹೆಚ್ಚಾಗಿ ಮಾರಾಟವಾಗುವ ಬಿಯರೆಲ್ಲ ಆ ಮನೆತನದ್ದೇ. ಇಂಗ್ಲೆಂಡಿನ ಬರ್ಟನ್ನಿನ ನೀರು ಇದಕ್ಕೆ ವಿರುದ್ಧವಾಗಿ ಜಿಪ್ಸಮಿನಿಂದ ಗಡುಸಾದುದು. ಹಾಪಿನ ಕಹಿಯು ಅದರಲ್ಲಿ ಚುರುಕಾಗಿ ತೋರುವುದು. ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹಡಗಿನಲ್ಲಿ ಹಿಂದೂದೇಶಕ್ಕೆ ಬರುತ್ತಿದ್ದ, ಹಾಪನ್ನು ಹೆಚ್ಚಾಗಿ ಹಾಕಿದ ಬಿಯರಿಗೆ ಈ ದೇಶದ ಹೆಸರೇ ನಿಂತು, 'ಇಂಡಿಯ ಪೇಲ್ ಏಲ್' ಎಂದಾಯಿತು. ಡಬ್ಲಿನ್ನಿನಲ್ಲಿ ಆರ್ಥರ್ ಗಿನ್ನೆಸ್ ಎಂಬುವನು 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳ ಗುತ್ತಿಗೆಗೆ ಭಟ್ಟಿಯನ್ನು ಹಿಡಿದನು. ಹುರಿದ ಜವೆಗೋದಿಯಿಂದಾಗುವ ಅಲ್ಲಿಯ ಕಪ್ಪು ಸ್ಟೌಟಿನಲ್ಲಿ ಕಾಫಿಯನ್ನು ಹೋಲುವ ಒಗರುಂಟು. ಬ್ರಸೆಲ್ಸಿನ ಸುತ್ತಿನವರಾದರೋ ಕುದಿಸಿದ ರಸವನ್ನು ರಾತ್ರಿಯೆಲ್ಲ ಅಗಲವಾದ ತೊಟ್ಟಿಯಲ್ಲಿ ತೆರೆದಿಟ್ಟು, ಗಾಳಿಯಲ್ಲಿರುವ ಕಾಡುಯೀಸ್ಟು ತಾನೇ ಬಂದು ಸೇರಲೆಂದು ಕಾಯುವರು. ಅದು ಮರದ ಪೀಪಾಯಿಗಳಲ್ಲಿ ಒಂದೆರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಕುಳಿತು ಹುಳಿಯಾಗಿ ಪಕ್ವವಾಗುವುದು. ಅದೇ ಬೆಲ್ಜಿಯಮಿನಲ್ಲಿ ಮೌನವ್ರತಕ್ಕೆ ಹೆಸರಾದ ಟ್ರ್ಯಾಪಿಸ್ಟ್ ಸನ್ಯಾಸಿಗಳು ಮಠದ ನಿರ್ವಾಹಕ್ಕಾಗಿಯೂ ಧರ್ಮಕಾರ್ಯಕ್ಕಾಗಿಯೂ ಬಿಯರನ್ನು ಮಾಡಿ ಮಾರುವರು.

ಇವುಗಳಲ್ಲಿ ಯಾವುದು ಮೇಲು? ಈ ಪ್ರಶ್ನೆಗೆ ಆಯುಷ್ಯವನ್ನೇ ಸವೆಸಿದವನು ಮೈಕೇಲ್ ಜಾಕ್ಸನ್ ಎಂಬ ಆಂಗ್ಲೇಯ ಲೇಖಕನು. ಲೋಕವೆಲ್ಲ ಬಲ್ಲ ಗಾಯಕನ ಹೆಸರೇ ಈತನದಾದರೂ ಈತನು ಬೇರೆ. 1942ರಲ್ಲಿ ಯಾರ್ಕ್‌ಷೈರಿನಲ್ಲಿ ಜನಿಸಿ, ಪತ್ರಿಕೋದ್ಯೋಗಿಯಾಗಿ, 1977ರಲ್ಲಿ ಪ್ರಪಂಚದ ಬಿಯರುಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು. ಅದರ ಮಹತ್ವವು ವರ್ಗೀಕರಣದಲ್ಲಿದೆ. ಊರು, ನೀರು, ಧಾನ್ಯ, ಸಂಪ್ರದಾಯ ಇವುಗಳನ್ನು ನೋಡಿ ಬಿಯರುಗಳಿಗೆ ಜಾತಿಗಳನ್ನು ಕಲ್ಪಿಸಿ, ಪ್ರತಿಯೊಂದನ್ನೂ ಅದರ ಜಾತಿಯೊಳಗೇ ತೂಗಿದನು. ವಚನವನ್ನು ಚಂಪೂವಿನ ಲಕ್ಷಣದಿಂದ ಅಳೆಯುವುದು ಹೇಗೆ ಅನ್ಯಾಯವೋ, ಪಿಲ್ಸನ್ನಿನಲ್ಲಿ ಸ್ಟೌಟಿನ ಒಗರನ್ನು ಹುಡುಕುವುದೂ ಹಾಗೆಯೇ. ಹೀಗೆಂದು ಆತನಿಗೆ ಸ್ವಂತ ಒಲವೇ ಇರಲಿಲ್ಲವೆಂದಲ್ಲ. ಹೊರಗಿನವರು ಅಷ್ಟಾಗಿ ತಿಳಿಯದಿದ್ದ ಬೆಲ್ಜಿಯಮಿನ ಬಿಯರುಗಳಲ್ಲಿ ಆತನ ಮನಸ್ಸು ನೆಟ್ಟಿತು. ಅವುಗಳಿಗಾಗಿಯೇ ಬೇರೊಂದು ಪುಸ್ತಕವನ್ನು ಬರೆದನು. ಆ ದೇಶದ ಬಿಯರಿನ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆಯು ತನ್ನ ಪಟ್ಟಿಗೆ ಸೇರಿಸಿದಾಗ ಆತನು ಬದುಕಿರಲಿಲ್ಲ.

ಕಡೆಗಾಲದಲ್ಲಿ ಈ ರಸಜ್ಞನಿಗೆ ಒದಗಿದ ಕಷ್ಟವು ವಿಚಿತ್ರವಾದುದು. ಆತನಿಗೆ ಪಾರ್ಕಿನ್ಸನ್ನಿನ ಕಂಪವಾತವು ತಗುಲಿತು. ಮಾತು ತೊಡರಿತು, ನಡಿಗೆ ತಪ್ಪಿತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ಜನರು ಅಯ್ಯೋ ಎನ್ನುತ್ತಿದ್ದರು. ಈತನನ್ನು ಕಂಡವರು ಕುಡಿದಿರುವನೆಂದರು. ಗುಟುಕುಗುಟುಕಾಗಿ ಸವಿದು, ಟಿಪ್ಪಣಿ ಬರೆದುಕೊಂಡು, ರುಚಿಯನ್ನು ಮದದಿಂದ ಬೇರ್ಪಡಿಸುವುದೇ ಯಾರ ಜೀವಮಾನದ ಕೆಲಸವಾಗಿದ್ದಿತೋ ಅವನಿಗೇ ಈ ಅಪವಾದ. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ವ್ಯಾಧಿಯನ್ನು 2006ರಲ್ಲಿ ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. 'ನಾನು ಕುಡಿದಿಲ್ಲ' ಎಂಬರ್ಥದ ಹೆಸರಿನಿಂದಲೇ ಒಂದು ಪುಸ್ತಕವನ್ನು ಬರೆಯಬೇಕೆಂದಿದ್ದನು. ಅದು ಮುಗಿಯುವುದರೊಳಗೆ, 2007ರ ಆಗಸ್ಟ್ 30ರಂದು, ತನ್ನ 65ನೆಯ ವಯಸ್ಸಿನಲ್ಲಿ ಕಾಲವಾದನು.

ತರ್ಕವನ್ನು ಓದಿದವರು ಇಲ್ಲಿಯ ದೋಷವನ್ನು ಒಡನೆಯೇ ಗುರುತಿಸುವರು. ನಡುಕವು ಮದದಲ್ಲಿಯೂ ಉಂಟು, ವ್ಯಾಧಿಯಲ್ಲಿಯೂ ಉಂಟು, ಮುಪ್ಪಿನಲ್ಲಿಯೂ ಉಂಟು. ಎರಡು ಕಡೆಯೂ ಇರುವ ಹೇತುವಿನಿಂದ ಒಂದನ್ನೇ ಸಾಧಿಸಹೊರಟರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಆದರೆ ತರ್ಕವನ್ನು ಓದಿದವರೂ ಬೀದಿಯಲ್ಲಿ ಅದನ್ನು ಮರೆಯುವರು. ತೂರಾಡುತ್ತ ಹೋಗುವವನನ್ನು ಕಂಡು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವ ಸಜ್ಜನರಲ್ಲಿ, ಹತ್ತಿರ ಹೋಗಿ 'ಏನಾಯಿತಪ್ಪಾ?' ಎಂದು ಕೇಳುವವರು ಎಷ್ಟು ಮಂದಿ?

ಪಾಣಿನಿಯು ಯವಸುರೆಗೆ ವಿಭಾಷೆಯನ್ನು ವಿಧಿಸಿದನು: ಎರಡು ರೂಪಗಳೂ ಸಾಧು. ಪಿಲ್ಸನ್ನಿನವನಿಗೆ ತನ್ನ ಹೊಂಬಣ್ಣದ್ದು, ಡಬ್ಲಿನ್ನಿನವನಿಗೆ ತನ್ನ ಕಪ್ಪಿನದು ಮೇಲೆನಿಸಿದರೆ ಅದೂ ಸಾಧುವೇ. ಮುಟ್ಟೆನೆಂಬುವನ ನಿಯಮವೂ ಸಾಧುವೇ. ಇನ್ನೊಬ್ಬನ ನಡುಗುವ ಕೈಯನ್ನು ದೂರದಿಂದಲೇ ಕಂಡು ತೀರ್ಪುಕೊಡುವುದಕ್ಕೆ ಮಾತ್ರ ಯಾವ ಸೂತ್ರದಲ್ಲಿಯೂ ಅನುಮತಿಯಿಲ್ಲ.