ನಡುಮನೆಯ ಟೆಲಿವಿಷನ್

ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಕಿವಿಯ ಬಳಿ ಅಲುಗಾಡಿಸಿ, ಒಳಗೆ ಕೊಬ್ಬರಿ ಗಿಟುಕಾಯಿತೇ ಎಂದು ತಿಳಿಯುವ ತಾಳ್ಮೆ ನಮ್ಮ ತಿಪಟೂರು ಸೀಮೆಯದು. ಟೆಲಿವಿಷನ್ ಕೊಳ್ಳುವಾಗ ಮಾತ್ರ ಆ ತಾಳ್ಮೆ ಎಲ್ಲಿ ಹೋಗುತ್ತದೆಯೋ!

ಮಗನಿಗೆ 65 ಅಂಗುಲದ್ದು ಬೇಕು. ನನಗೆ 43 ಸಾಕು. ಈ ಅಂಗುಲ ಅಗಲದ್ದಲ್ಲ, ಮೂಲೆಯಿಂದ ಮೂಲೆಗೆ ಎಳೆದ ಗೆರೆಯದು. ಗೆರೆಯ ಒಂದೂವರೆಯಿಂದ ಎರಡು ಪಟ್ಟು ದೂರ ಕುಳಿತರೆ ನೋಟ ಹಿತವೆಂದು ರೂಢಿಯ ಲೆಕ್ಕ.

ಇನ್ನು ಬಗೆಯ ಮಾತು. ಓಎಲ್‌ಇಡಿಯಲ್ಲಿ ಕಪ್ಪು ಅಚ್ಚ ಕಪ್ಪಾಗಿಯೇ ಕಾಣುತ್ತದೆ. ಆದರೆ ಅದರ ಸೊಗಸು ಮಬ್ಬುಗತ್ತಲಿನಲ್ಲಿ. ನಮ್ಮದೋ ತೊಟ್ಟಿಮನೆ, ಹಗಲೆಲ್ಲ ಆಕಾಶವೇ ಒಳಗಿಳಿದಿರುತ್ತದೆ. ಇಲ್ಲಿಗೆ ಪ್ರಖರವಾದ ಎಲ್‌ಇಡಿಯೇ ಸರಿ. ಅದೂ ತೊಟ್ಟಿಯ ಬೆಳಕು ನೇರವಾಗಿ ಬೀಳದ ಗೋಡೆಯ ಮೇಲೆ.

ಆದರೆ ದೂರವನ್ನು ಯಾರಿಂದ ಅಳೆಯಬೇಕು? ಅಮ್ಮ ಕೂರುವುದು ಕಂಬಕ್ಕೆ ಒರಗಿ. ವಯಸ್ಸು 82, ಮಂಡಿ ನೋವು, ಮುಂದೆ ಸರಿಯಲಾರಳು. ಮುಖ ಕಾಣದೆ ಮಾತಷ್ಟೇ ಕೇಳಿಸಿದರೆ ಅವಳ ಪಾಲಿಗೆ ಅದು ರೇಡಿಯೋ ಆಯಿತು! ಗೋಡೆಯಿಂದ ನಮ್ಮ ಕುರ್ಚಿಗಳಿಗೆ ಏಳು ಅಡಿ, ಕಂಬಕ್ಕೆ ಒಂಬತ್ತು. ಎರಡಕ್ಕೂ ಹೊಂದಿದ್ದು 55.

ಅಳತೆಯ ದಾರವನ್ನು ಗೋಡೆಯ ಉದ್ದಕ್ಕೆ ಹಿಡಿಯಬೇಡಿ. ಮನೆಯಲ್ಲಿ ಅತ್ತಿತ್ತ ಸರಿಯಲಾರದವರು ಕೂತಲ್ಲಿಂದ ಹಿಡಿಯಿರಿ.