ತೊರೈಪಾಕ್ಕಂನ ಬಲೆಬಾಗಿಲು

"ಇದು ಮನೆಯೋ ಫ್ರಿಜ್ಜೋ ಮಾರಾಯ?"

ಸಾಗರದಿಂದ ಚೆನ್ನೈಗೆ ಬಂದ ಮೂರನೇ ದಿನ ಅಮ್ಮ ಕೇಳಿದ ಪ್ರಶ್ನೆ ಇದು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲ ಕಿಟಕಿ ಮುಚ್ಚಿ, ಬಾಲ್ಕನಿಯ ಗಾಜಿನ ಬಾಗಿಲು ಜಡಿದು, ಹಗಲೂ ರಾತ್ರಿ ಎಸಿ ಹಾಕಿಕೊಂಡು ಕೂತಿದ್ದೆವು. ಹೊರಗೆ ಸಂಜೆಯ ಕಡಲಗಾಳಿ ಬೀಸುತ್ತಿದ್ದರೂ ಒಳಗೆ ನಮಗೆ ಯಂತ್ರದ ಗಾಳಿಯೇ ಗತಿ. ಹುಟ್ಟಿದಾಗಿನಿಂದ ಜಗಲಿಯ ಮೇಲೆ ಕೂತು ಸಂಜೆ ಕಳೆದವಳಿಗೆ ಏಳನೇ ಮಹಡಿಯ ಈ ಮುಚ್ಚಿದ ಪೆಟ್ಟಿಗೆ ಉಸಿರು ಕಟ್ಟಿಸಿತ್ತು. "ದೀಪಾವಳಿಗೆ ಮುಂಚೆ ನನ್ನನ್ನು ಊರಿಗೆ ಕಳಿಸಿಬಿಡು" ಅಂತ ಶುರುಮಾಡಿದ್ದಳು. ಅಪ್ಪ ಹೋದಮೇಲೆ ಊರಿನ ಮನೆಯಲ್ಲಿ ಅವಳೊಬ್ಬಳೇ. ಈ ಸಲವಾದರೂ ನಾಲ್ಕು ತಿಂಗಳು ಇಟ್ಟುಕೊಳ್ಳಬೇಕು ಅಂತ ನಾನು ಲೆಕ್ಕ ಹಾಕಿದ್ದೆ.

ಬಾಗಿಲು ಮುಚ್ಚಿಡಲು ನಮಗೂ ಕಾರಣವಿತ್ತು. ಹಿಂದಿನ ವರ್ಷ ನವೆಂಬರಿನಲ್ಲಿ ಪುಟ್ಟಿಗೆ ಡೆಂಗಿ ಬಂದಿತ್ತು. ಪ್ಲೇಟ್‌ಲೆಟ್ ಎಣಿಕೆ 38 ಸಾವಿರಕ್ಕೆ ಇಳಿದು, ಐದು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದವನು ನಾನು. ಮನೆಗೆ ಬಂದಮೇಲೆ ಒಂದು ಸೊಳ್ಳೆ ಗುಂಯ್ ಅಂದರೂ ಎದೆ ಹೊಡೆದುಕೊಳ್ಳುತ್ತಿತ್ತು. ಬಾಲ್ಕನಿಗೆ ಮಡಚುವ ಬಲೆಬಾಗಿಲು ಹಾಕಿಸಿದ್ದೆ, ನಿಜ. ಆದರೆ ಅದು ಕೆಟ್ಟು ಆರು ತಿಂಗಳಾಗಿತ್ತು.

ನಮ್ಮ ಮನೆ ಇರುವ ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಚೆನ್ನೈನ ಐಟಿ ಕಾರಿಡಾರ್ ಅಂತ ಎಲ್ಲರಿಗೂ ಗೊತ್ತಿರುವ ಓಎಮ್ಆರ್, ಅಂದರೆ ಹಳೇ ಮಹಾಬಲಿಪುರಂ ರಸ್ತೆ, ಎರಡು ನೀರುಗಳ ನಡುವೆ ಓಡುತ್ತದೆ. ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಜೌಗಿನ ಅಂಚನ್ನು ತುಂಬಿಸಿಯೇ ನಮ್ಮಂಥವರ ಎಷ್ಟೋ ಅಪಾರ್ಟ್‌ಮೆಂಟು, ಆಫೀಸುಗಳು ಎದ್ದಿವೆ. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ. ಅದರಾಚೆ ನೀಲಾಂಕರೈ, ಆಮೇಲೆ ಸಮುದ್ರ. ನಮ್ಮ ಬಾಲ್ಕನಿಯಿಂದ ಕೆಳಗೆ ನೋಡಿದರೆ ಕಾಲುವೆ, ತಲೆ ಎತ್ತಿದರೆ ಕಡಲಿನ ಒಂದು ಗೆರೆ.

ಈ ಕಾಲುವೆ 1806ರ ಹೊತ್ತಿಗೆ ಮದ್ರಾಸಿನ ಉತ್ತರದಲ್ಲಿ ಕಾಕ್ರೇನ್ ಕಾಲುವೆ ಎಂಬ ಹೆಸರಿನಲ್ಲಿ ಶುರುವಾದದ್ದು. ಊರಿನೊಳಗೆ ಕೂವಮ್ ಮತ್ತು ಅಡ್ಯಾರ್ ನದಿಗಳನ್ನು ಜೋಡಿಸುವ ತುಂಡನ್ನು ಅಗೆದದ್ದು 1877-78ರಲ್ಲಿ, ಬರಗಾಲದ ಕೂಲಿ ಕೆಲಸವಾಗಿ. ತಮಿಳರು ಅದನ್ನು ತಾದು ವರುಷದ ಪಂಜಂ ಅನ್ನುತ್ತಾರೆ. ನಮ್ಮ ಮೈಸೂರು ಸೀಮೆಯ ಹಳಬರ ಬಾಯಲ್ಲಿ ಅದೇ ಧಾತು-ಈಶ್ವರ ಸಂವತ್ಸರದ ಬರ. ಎರಡೂ ಊರಿನವರು ಒಂದೇ ಹಸಿವನ್ನು ಒಂದೇ ಸಂವತ್ಸರದ ಹೆಸರಿಂದ ನೆನಪಿಟ್ಟುಕೊಂಡಿದ್ದಾರೆ. ಒಂದು ಕಾಲದಲ್ಲಿ ದೋಣಿಗಳಲ್ಲಿ ಉಪ್ಪು, ಸೌದೆ ಸಾಗಿಸುತ್ತಿದ್ದ ಕಾಲುವೆಯಲ್ಲಿ ಈಗ ಸಾಗುವುದು ಊರಿನ ಕೊಳಚೆ. ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆಗೆ ಅದು ತವರುಮನೆ.

ಆದರೆ ಡೆಂಗಿ ತರುವ ಈಡಿಸ್ ಅಲ್ಲಿಯದಲ್ಲ. ಅದಕ್ಕೆ ಬೇಕಾದದ್ದು ನಮ್ಮ ಮನೆಯ ಶುದ್ಧ ನೀರು. ಅದು ಕಚ್ಚುವುದು ಹಗಲು ಹೊತ್ತು, ಅದರಲ್ಲೂ ಬೆಳಗಿನ ಮೊದಲ ಗಂಟೆಗಳಲ್ಲಿ ಮತ್ತು ಸೂರ್ಯ ಮುಳುಗುವ ಮುಂಚೆ. ಅಂದರೆ ಸರಿಯಾಗಿ ಕಡಲಗಾಳಿ ಬೀಸುವ ಹೊತ್ತು, ಅಮ್ಮ ಬಾಗಿಲು ತೆಗಿ ಅನ್ನುವ ಹೊತ್ತು. ಹಾಗಾಗಿ ಬಲೆಬಾಗಿಲನ್ನು ಸರಿಮಾಡದೆ ನಮಗೆ ಬೇರೆ ದಾರಿ ಇರಲಿಲ್ಲ.

ಹಾಕಿಕೊಟ್ಟ ಕಂಪನಿಗೆ ಫೋನ್ ಮಾಡಿದೆ. ವಾರಂಟಿ ಮುಗಿದಿದೆ, ರಿಪೇರಿ ಮಾಡುವುದಿಲ್ಲ, ಹೊಸದನ್ನೇ ಹಾಕಿಸಿ ಎಂಬ ಉತ್ತರ ಬಂತು. ಸಾಫ್ಟ್‌ವೇರಿನವನಿಗೆ ಈ ಉತ್ತರ ಹೊಸದೇನಲ್ಲ. ನಾವೂ ಗಿರಾಕಿಗಳಿಗೆ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತೇವೆ. ಸರಿ, ನಾನೇ ನೋಡುತ್ತೇನೆ ಅಂತ ಶನಿವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದೆ.

ಈ ಬಾಗಿಲಿನ ಕಟ್ಟು ನೋಡಿದರೆ ಬಹಳ ಸರಳ. ಬೀಸಣಿಗೆಯ ಹಾಗೆ ಮಡಿಕೆ ಹೊಡೆದ ಫೈಬರ್ ಬಲೆ, ಅದರ ಒಂದು ಅಂಚು ಗೋಡೆಗೆ, ಇನ್ನೊಂದು ಅಂಚು ಎಳೆಯುವ ಅಲ್ಯುಮಿನಿಯಂ ಪಟ್ಟಿಗೆ. ಬಲೆಯನ್ನು ಹಿಡಿದು ನಿಲ್ಲಿಸುವುದು ಅಡ್ಡಡ್ಡಲಾಗಿ ಮಡಿಕೆಗಳನ್ನು ತೂರಿ ಹೋಗುವ ಕೆಲವು ನೂಲುಗಳು. ಅವು ಎಳೆಯುವ ಪಟ್ಟಿಯೊಳಗೆ ತಿರುಗಿ, ಮೇಲಿನ ಕೆಳಗಿನ ತುದಿಗಳಲ್ಲಿ ಹೊರಬಂದು ಹಳಿಯುದ್ದಕ್ಕೂ ಹೋಗಿ ಎದುರು ಬದಿಗೆ ಕಟ್ಟಿಕೊಳ್ಳುತ್ತವೆ. ಪಟ್ಟಿಯ ಒಂದು ತುದಿ ಎಷ್ಟು ಸರಿಯುತ್ತದೋ ಇನ್ನೊಂದು ತುದಿಯೂ ಅಷ್ಟೇ ಸರಿಯುವ ಹಾಗೆ ಮಾಡುವುದು ಈ ನೂಲುಗಳೇ. ಒಂದು ನೂಲು ಹರಿದರೆ ಪಟ್ಟಿ ವಾಲುತ್ತದೆ. ನಮ್ಮದರಲ್ಲಿ ಕೆಳತುದಿ ಚೌಕಟ್ಟಿಗೆ ತಾಗಿದಾಗ ಮೇಲೆ ಮೂರು ಬೆರಳು ಸಂದಿ ಉಳಿಯುತ್ತಿತ್ತು. ಸೊಳ್ಳೆಗೆ ಅದು ಹೆಬ್ಬಾಗಿಲು.

ನಾನು ಮಾಡಿದ ಮೊದಲ ತಪ್ಪು, ಹಳಿಗೆ ಕೊಬ್ಬರಿ ಎಣ್ಣೆ ಬಿಟ್ಟದ್ದು. ಹತ್ತು ನಿಮಿಷ ಬೆಣ್ಣೆಯ ಹಾಗೆ ಜಾರಿತು. ಮರುದಿನದ ಹೊತ್ತಿಗೆ ಧೂಳು, ಕೂದಲು ಎಲ್ಲ ಸೇರಿ ಹಿಟ್ಟು ಕಲಸಿದ ಹಾಗಾಯಿತು. ಎರಡನೇ ತಪ್ಪು, ಪಟ್ಟಿಯ ತುದಿಯ ಮುಚ್ಚಳವನ್ನು ಯಾವ ನೂಲು ಎಲ್ಲಿಗೆ ಅಂತ ಫೋಟೋ ತೆಗೆಯದೆ ಬಿಚ್ಚಿದ್ದು. ಸರ್ರನೆ ಎಲ್ಲ ನೂಲುಗಳೂ ಒಳಗೆ ಹೋದವು. ಅಮ್ಮ ಕಾಫಿ ತಂದುಕೊಟ್ಟು, ನೆಲದಲ್ಲಿ ರಾಶಿ ಬಿದ್ದ ಬಲೆಯನ್ನು ನೋಡಿ, "ಮೀನು ಹಿಡಿಯಲು ಹೊರಟಿದ್ದೀಯೇನೋ?" ಅಂದಳು.

ಕೊನೆಗೆ ವಾಚ್‌ಮನ್ ಅಣ್ಣ ಹೇಳಿದ ಒಬ್ಬ ಮೇಸ್ತ್ರಿ ತಿರುವಾನ್ಮಿಯೂರಿನಿಂದ ಟಿವಿಎಸ್ ಗಾಡಿಯಲ್ಲಿ ಬಂದರು. ಅರವತ್ತು ದಾಟಿದವರು. ಬಲೆಯನ್ನು ಒಮ್ಮೆ ಬೆರಳಲ್ಲಿ ಸವರಿ, "ನೂಲ್ ಅರುಂದು ಪೋಚ್ಚು" ಅಂದರು. ಒಳಗಿನಿಂದ ಅಮ್ಮ, "ನೂಲು ಹರಿದು ಹೋಯ್ತಂತೆ" ಅಂತ ನನಗೆ ಅನುವಾದ ಮಾಡಿದಳು! ಹನ್ನೆರಡು ವರ್ಷ ಇಲ್ಲಿರುವ ನನಗೆ, ಹತ್ತು ದಿನದ ಅಮ್ಮನಿಂದ ತಮಿಳಿನ ಪಾಠ. ಆಮೇಲೆ ಅವರಿಬ್ಬರ ಮಾತು ನಿಲ್ಲಲೇ ಇಲ್ಲ. ಅವರು ವಲೈ ಅಂದರೆ ಇವಳು ಬಲೆ, ಅವರು ಕದವು ಅಂದರೆ ಇವಳು ಕದ, ಅವರು ವಾಸಲ್ ಅಂದರೆ ಇವಳು ಬಾಗಿಲು.

ಅವರು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಉಪಯೋಗವಾದೀತು. ಮೊದಲು ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದರು. ಎರಡೂ ಸಮ ಇದ್ದರೆ ಚೌಕಟ್ಟು ನೆಟ್ಟಗಿದೆ, ದೋಷ ನೂಲಿನದ್ದೇ ಎಂದರ್ಥ. ಇಲ್ಲದಿದ್ದರೆ ನೂಲು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಆಮೇಲೆ ಹಳಿಯನ್ನು ಹಳೇ ಟೂತ್‌ಬ್ರಷ್ ಮತ್ತು ಸಾಬೂನು ನೀರಿನಿಂದ ತಿಕ್ಕಿಸಿದರು (ತಿಕ್ಕಿದ್ದು ನಾನು, ಎಣ್ಣೆ ಬಿಟ್ಟ ಶಿಕ್ಷೆ). ಹರಿದದ್ದು ಒಂದೇ ನೂಲಾದರೂ ಎಲ್ಲವನ್ನೂ ಬದಲಿಸಿದರು. ಹಳೇ ನೂಲು ಹಿಗ್ಗಿರುತ್ತದೆ, ಹೊಸದು ಹಿಗ್ಗಿರುವುದಿಲ್ಲ, ಎರಡು ಸೇರಿದರೆ ಪಟ್ಟಿ ಮತ್ತೆ ವಾಲುತ್ತದೆ. ಬಲೆಯನ್ನು ಪೂರ್ತಿ ಮಡಚಿ, ತೆಳು ತಂತಿಯ ತುದಿಗೆ ನೂಲು ಸಿಕ್ಕಿಸಿ ಅಷ್ಟೂ ಮಡಿಕೆಗಳನ್ನು ಒಂದೇ ಬೀಸಿನಲ್ಲಿ ದಾಟಿಸಿದರು. ಮಲ್ಲಿಗೆ ಪೋಣಿಸಿದ ಹಾಗಿತ್ತು. ಕೊನೆಯದು ಬಿಗಿ ಹೊಂದಿಸುವುದು. ಪಟ್ಟಿಯ ಯಾವ ತುದಿ ಹಿಂದುಳಿದಿದೆಯೋ ಆ ನೂಲನ್ನು ತುಸು ಎಳೆದು ಕಟ್ಟಿ, ಮತ್ತೆ ಎಳೆದು ನೋಡಿ, ಮತ್ತೆ ತುಸು. ಅತಿಯಾದರೆ ಬಾಗಿಲು ಬಿಟ್ಟ ಕೂಡಲೇ ಹಿಂದಕ್ಕೆ ಓಡುತ್ತದೆ, ಕಡಿಮೆಯಾದರೆ ಗಾಳಿಗೆ ಬಲೆ ಹೊಟ್ಟೆ ಬಿಡುತ್ತದೆ. ಮುಕ್ಕಾಲು ಗಂಟೆ ಇದರಲ್ಲೇ ಹೋಯಿತು. ಎಣ್ಣೆಯ ಬದಲು ಒಂಚೂರು ಸಿಲಿಕೋನ್ ಸ್ಪ್ರೇ, ಅದಕ್ಕೆ ಧೂಳು ಅಷ್ಟು ಹತ್ತುವುದಿಲ್ಲ. ಪಟ್ಟಿಯ ಮ್ಯಾಗ್ನೆಟ್ ಚೌಕಟ್ಟಿಗೆ ಟಪ್ ಅಂತ ಮೇಲಿಂದ ಕೆಳತನಕ ಕಚ್ಚಿಕೊಂಡಿತು. ಅವರು ಕೇಳಿದ್ದು ಎಂಟು ನೂರು ರೂಪಾಯಿ.

ಅಂದು ಸಂಜೆ ಗಾಜಿನ ಬಾಗಿಲು ಸರಿಸಿ ಬಲೆ ಎಳೆದೆವು. ಆರು ತಿಂಗಳ ನಂತರ ಮನೆಯೊಳಗೆ ಕಡಲಗಾಳಿ ಬಂತು. ಅಮ್ಮ ನೆಲದ ಮೇಲೇ ಕೂತು, ಬಲೆಗೆ ಮುಖ ಕೊಟ್ಟು, ಪುಟ್ಟಿಯ ಜಡೆ ಹೆಣೆದಳು. ನನಗೆ ಗೆದ್ದ ಹೆಮ್ಮೆ.

ಆ ಹೆಮ್ಮೆ ಬುಧವಾರದ ತನಕ ಇತ್ತು.

ಮಳೆಗಾಲ ಬಂದರೆ ಚೆನ್ನೈ ಕಾರ್ಪೊರೇಷನ್ನಿನ ಸೊಳ್ಳೆ ತಪಾಸಣೆಯವರು ಮನೆಮನೆಗೆ ಬರುತ್ತಾರೆ. ಬುಧವಾರ ಬಂದ ಹೆಂಗಸು ಬಾಲ್ಕನಿ ನೋಡಿದರು, ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿದರು. ಆಮೇಲೆ ನಾನು ಕೆಲಸ ಮಾಡುವ ಮೇಜಿನ ಹತ್ತಿರ ನಿಂತು, ಮನಿಪ್ಲಾಂಟ್ ಇಟ್ಟ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ಸಣ್ಣ ಸಣ್ಣ ಹುಳ, ಮೇಲೆ ಕೆಳಗೆ ಡೊಂಕು ಹೊಡೆಯುತ್ತಿದ್ದವು. "ಸಾರ್, ಬಾಗಿಲಿಗೆ ಬಲೆ ಹಾಕಿ ಒಳಗೇ ಸಾಕುತ್ತಿದ್ದೀರಲ್ಲ" ಅಂದರು, ತಮಿಳಿನಲ್ಲಿ, ನಗುತ್ತಲೇ.

ನನಗೆ ನಗು ಬರಲಿಲ್ಲ. ಆ ಬಾಟಲಿ ಎರಡು ವರ್ಷದಿಂದ ಅಲ್ಲೇ ಇದೆ. ನೀರು ಇಳಿದಾಗ ಮೇಲಿಂದ ಸುರಿಯುತ್ತಿದ್ದೆನೇ ಹೊರತು ಬದಲಿಸಿದವನಲ್ಲ. ಕಳೆದ ವರ್ಷ ಪುಟ್ಟಿಯನ್ನು ಕಚ್ಚಿದ ಸೊಳ್ಳೆ ಎಲ್ಲಿಂದ ಬಂತೋ ಯಾರು ಹೇಳಬಲ್ಲರು? ಆದರೆ ಅಷ್ಟೂ ದಿನ ನಾನು ಬೈದದ್ದು ಕಾಲುವೆಗೆ, ಜೌಗಿಗೆ, ಊರಿಗೆ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಪುರಾವೆ ಕಂಡ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದರು. ಬಂಗಲೆಯ ಹತ್ತಿರದ ನೀರಿಗೂ ಕೋಣೆಯ ಸೊಳ್ಳೆಗಳಿಗೂ ಇರುವ ನಂಟನ್ನು ಅವರು ಗಮನಿಸಿದ್ದು ಅಲ್ಲೇ. ಶತಮಾನ ದಾಟಿದ ಮೇಲೂ ಅದೇ ಪಾಠವನ್ನು ನಾನು ಕಾರ್ಪೊರೇಷನ್ನಿನ ಆ ಅಕ್ಕನಿಂದ ಕಲಿಯಬೇಕಾಯಿತು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಈಡಿಸ್‌ಗೆ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಗೋಡೆಯನ್ನು ಉಜ್ಜಬೇಕು. ಮೊಟ್ಟೆ ಅಂಟಿಕೊಳ್ಳುವುದು ಅಲ್ಲಿ.

ಈಗ ಪ್ರತಿ ಭಾನುವಾರ ಆ ಕೆಲಸ ಅಮ್ಮನದ್ದು. ಮನಿಪ್ಲಾಂಟನ್ನು ಮಣ್ಣಿನ ಕುಂಡಕ್ಕೆ ಹಾಕಿದ್ದಾಳೆ. ಕುಂಡದ ತಟ್ಟೆ ಒಣಗಿದೆಯೇ ಅಂತ ಪುಟ್ಟಿ ಬೆರಳು ಇಟ್ಟು ನೋಡಿ ವರದಿ ಕೊಡುತ್ತಾಳೆ. ನನ್ನ ಪಾಲಿಗೆ ಉಳಿದದ್ದು ಬಲೆಬಾಗಿಲಿನ ಹಳಿ ಗುಡಿಸುವುದು.

ದೀಪಾವಳಿ ಇಲ್ಲೇ ಆಯಿತು. ಮೊನ್ನೆ ಸಂಜೆ ಬಲೆಯ ಪಕ್ಕ ಕೂತಿದ್ದವಳಿಗೆ, "ಊರಿಗೆ ಟಿಕೆಟ್ ಯಾವಾಗ ಮಾಡಿಸಲಿ?" ಅಂತ ಕೇಳಿದೆ.

"ಅವಸರ ಏನು? ಆ ಮೇಸ್ತ್ರಿ ಒಂದು ತಿಂಗಳು ಬಿಟ್ಟು ನೂಲು ಮತ್ತೊಂದು ಸಲ ಬಿಗಿ ಮಾಡಿಸಿಕೊಳ್ಳಿ ಅಂದಿದ್ದಾರೆ. ಅದಾಗಲಿ" ಅಂದಳು.