ಕಾಲಿನ ಭಾರ ಇನ್ನೊಬ್ಬರ ಹೆಗಲಿಗೆ

ಬಲಗಾಲಿನ ಹಿಮ್ಮಡಿ ಆಕೆಯ ಹೆಗಲ ಮೇಲಿದೆ. ನೀವು ಅಂಗಾತ ಮಲಗಿದ್ದೀರಿ. ಆಕೆ ಒಂದು ಮಂಡಿಯೂರಿ, ನಿಮ್ಮ ಮೊಣಕಾಲು ಮಡಚದಂತೆ ಅಂಗೈಗಳಿಂದ ಹಿಡಿದು, ಮೆಲ್ಲಗೆ ಮುಂದಕ್ಕೆ ವಾಲುತ್ತಾಳೆ. ತೊಡೆಯ ಹಿಂಬದಿಯಲ್ಲಿ, ಪೃಷ್ಠದ ಮೂಳೆಯಿಂದ ಮಂಡಿಯ ಸಂದಿನವರೆಗೆ ಸೆಳೆತ ಏಳುತ್ತದೆ. ದವಡೆ ಬಿಗಿಯುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಅದನ್ನು ಕಂಡು ಆಕೆಯೂ ನಿಲ್ಲುತ್ತಾಳೆ. “ಜೆಪ್ ಮೈ?” ನೋಯುತ್ತಿದೆಯೇ ಎಂದು ಕೇಳುತ್ತಿದ್ದಾಳೆ. ನೀವು ತಲೆಯಾಡಿಸುವ ಮೊದಲೇ ಹೆಗಲು ಒಂದಂಗುಲ ಹಿಂದೆ ಸರಿದಿರುತ್ತದೆ.

ಇದು ಬ್ಯಾಂಕಾಕಿನ ವಾಟ್ ಫೋ, ಚಾವ್ ಫ್ರಯಾ ನದಿಯ ಬದಿಯ ಬೌದ್ಧ ದೇವಾಲಯ. ಹೊರಗೆ ಏಪ್ರಿಲ್ ಬಿಸಿಲು. 46 ಮೀಟರ್ ಉದ್ದದ ಶಯನ ಬುದ್ಧನನ್ನು ನೋಡಲು ಜನ ಸಾಲುಗಟ್ಟಿದ್ದಾರೆ. ನೀವೂ ಅಲ್ಲಿನ 108 ಕಂಚಿನ ಬಟ್ಟಲುಗಳಿಗೆ ಒಂದೊಂದೇ ನಾಣ್ಯ ಹಾಕಿ, ಅಂಗಳ ದಾಟಿ ಬಂದವರೇ. ಇಲ್ಲಿ, ಥಾಯ್ ಮರ್ದನದ ಕೋಣೆಯಲ್ಲಿ, ಸಾಲು ಹಾಸಿಗೆ, ಸಡಿಲ ಪೈಜಾಮ. ಮೈಗೆ ಎಣ್ಣೆ ಹಚ್ಚುವುದಿಲ್ಲ, ಬಟ್ಟೆ ಬಿಚ್ಚಿಸುವುದಿಲ್ಲ. ಪಕ್ಕದಲ್ಲಿ ಯಾರಿಗೋ ಬಿಸಿ ಗಿಡಮೂಲಿಕೆಯ ಗಂಟು ಒತ್ತುತ್ತಿದ್ದಾರೆ. ಅರಿಶಿನ, ಮಜ್ಜಿಗೆಹುಲ್ಲು, ಕರ್ಪೂರದ ಹಬೆ ತೇಲಿ ಬರುತ್ತಿದೆ.

ಆಕೆಯ ತೋಳನ್ನು ಗಮನಿಸಿ. ಮೊಣಕೈ ನೆಟ್ಟಗಿದೆ, ಸ್ನಾಯು ಉಬ್ಬಿಲ್ಲ. ಎಳೆಯುವ ಕೆಲಸವನ್ನು ಆಕೆ ತೋಳಿಗೆ ಬಿಟ್ಟೇ ಇಲ್ಲ. ಮೈಭಾರವನ್ನು ನಿಧಾನವಾಗಿ ಇಳಿಸುತ್ತಿದ್ದಾಳೆ, ಅಷ್ಟೆ. ನಿಮ್ಮ ಎದೆ ಮತ್ತೆ ಏರಿಳಿಯಲು ಶುರುವಾಗುತ್ತದೆ. ಉಸಿರು ಹೊರಬೀಳುವ ಹೊತ್ತಿಗೆ ಆಕೆ ವಾಲುತ್ತಾಳೆ, ಒಳಬರುವಾಗ ತಡೆಯುತ್ತಾಳೆ. ಅರ್ಧ ನಿಮಿಷ ಕಳೆದಿರಬಹುದು. ಮೊದಲು ಉಸಿರು ನಿಲ್ಲಿಸಿದ ಜಾಗವನ್ನು ಕಾಲು ದಾಟಿ ಹೋಗಿದೆ, ನಿಮಗೆ ತಿಳಿಯಲೇ ಇಲ್ಲ.

ಒಳಗೆ ಏನಾಯಿತು? ಪ್ರತಿ ಸ್ನಾಯುವನ್ನೂ ಅದರೊಳಗಿನ ಎಳೆಗಳ ಕಟ್ಟುಗಳನ್ನೂ ಸಂಯೋಜಕ ಅಂಗಾಂಶದ ಪೊರೆ ಸುತ್ತಿಕೊಂಡಿರುತ್ತದೆ. ದೇವನಹಳ್ಳಿಯ ಚಕ್ಕೋತ ಬಿಡಿಸಿದವರಿಗೆ ಇದರ ರಚನೆ ಗೊತ್ತು: ಇಡೀ ಹಣ್ಣಿಗೊಂದು ದಪ್ಪ ಹೊದಿಕೆ, ತೊಳೆತೊಳೆಗೂ ಒಂದು ತೆಳು ಪೊರೆ. ವೈದ್ಯರು ಫ್ಯಾಸಿಯಾ ಎನ್ನುವ ಈ ಪೊರೆಯನ್ನು ಕೈಯಿಂದಲೇ ಹಿಗ್ಗಿಸಿ ಸಡಿಲಿಸುತ್ತೇವೆ ಎಂದು ಹೇಳುವವರು ಬಹಳ. ಆ ಮಾತನ್ನು ನಾನು ಒಪ್ಪುವುದಿಲ್ಲ. ತೊಡೆಯ ಹೊರಬದಿಯ ದಪ್ಪ ಪೊರೆಯನ್ನು ಶೇಕಡಾ ಒಂದರಷ್ಟು ಬದಲಿಸಲೂ ಮನುಷ್ಯನ ಕೈಗೆ ನಿಲುಕದಷ್ಟು ಬಲ ಬೇಕೆಂದು 2008ರಲ್ಲಿ ಪ್ರಕಟವಾದ ಗಣಿತ ಲೆಕ್ಕಾಚಾರವೊಂದು ತೋರಿಸಿತು. ಈ ಹಾಸಿಗೆಯ ಮೇಲೆ ಬದಲಾದದ್ದು ಹೆಚ್ಚಾಗಿ ನಿಮ್ಮ ನರಮಂಡಲದ ತೀರ್ಮಾನ. ಎಷ್ಟು ಸೆಳೆತ ಅಪಾಯ ಎಂಬ ಗಡಿಯನ್ನು ಮೆದುಳು, ಬೆನ್ನುಹುರಿಗಳು ಕಾಯುತ್ತವೆ. ಕಾಲನ್ನು ನೀವೇ ಎತ್ತಿ ಹಿಡಿದಿದ್ದರೆ ಸೊಂಟದ ಮುಂಭಾಗ ದುಡಿಯಬೇಕಿತ್ತು, ಅದರ ಜೊತೆಗೆ ಹೊಟ್ಟೆ, ಕತ್ತುಗಳೂ ಬಿಗಿಯುತ್ತಿದ್ದವು. ಈಗ ಕಾಲಿನ ಭಾರ ಆಕೆಯದು. ಕಾವಲಿಗೆ ಕಾರಣವಿಲ್ಲದ್ದರಿಂದ ಗಡಿ ಸರಿಯುತ್ತದೆ. ಒತ್ತಡದಲ್ಲಿ ದುಡಿದು ಬೆನ್ನು ಕಲ್ಲಾದವರಿಗೆ ಈ ಸಹಾಯ ಸಣ್ಣದಲ್ಲ. ಸಡಿಲವಾಗಿರುವುದು ಹೇಗಿರುತ್ತದೆ ಎಂಬುದನ್ನೇ ಅವರ ಮೈ ಮರೆತಿರುತ್ತದೆ.

ಥಾಯ್ ಪರಂಪರೆ ಇದನ್ನೇ ಬೇರೆ ರೀತಿ ವಿವರಿಸುತ್ತದೆ. ಮೈಯಲ್ಲಿ ಗಾಳಿ ಹರಿಯುವ ಹತ್ತು ಮುಖ್ಯ ಹಾದಿಗಳಿವೆ, ಅವು ಕಟ್ಟಿಕೊಂಡರೆ ನೋವು ಎನ್ನುತ್ತದೆ. ನಮ್ಮ ಯೋಗಗ್ರಂಥಗಳ ಇಡಾ, ಪಿಂಗಳಾ ನಾಡಿಗಳೂ ಅವುಗಳಲ್ಲಿವೆ. ಬುದ್ಧನಿಗೆ ಚಿಕಿತ್ಸೆ ನೀಡಿದ ಮಗಧದ ವೈದ್ಯ ಜೀವಕನನ್ನು ಇಲ್ಲಿನವರು ಗುರುವೆಂದು ಕೈಮುಗಿದು ನೆನೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಥಾಯ್ ರಾಜ ಮೂರನೇ ರಾಮ ಈ ವಿದ್ಯೆ ಅಳಿಯದಿರಲೆಂದು ಮನುಷ್ಯನ ಆಕೃತಿಯ ಮೇಲೆ ಹಾದಿಗಳನ್ನೂ ಒತ್ತುವ ಬಿಂದುಗಳನ್ನೂ ಗುರುತಿಸಿದ 60 ಶಿಲಾಫಲಕಗಳನ್ನು ದೇವಾಲಯದಲ್ಲೇ ಹಾಕಿಸಿದ. ಓದಬಲ್ಲ ಯಾರಾದರೂ ಬಂದು ಓದಬಹುದಿತ್ತು. ವೈದ್ಯವನ್ನು ಗೋಡೆಯ ಮೇಲೆ ಬರೆಸಿ ಜನರಿಗೆ ಬಿಟ್ಟುಕೊಟ್ಟ ಈ ನಿರ್ಧಾರ ನನಗೆ ಅಲ್ಲಿನ ಶಯನ ಬುದ್ಧನಷ್ಟೇ ದೊಡ್ಡದಾಗಿ ಕಾಣುತ್ತದೆ. 1955ರಲ್ಲಿ ಇಲ್ಲಿ ಥಾಯ್ ವೈದ್ಯದ ಶಾಲೆಯೂ ಶುರುವಾಯಿತು. 2019ರಲ್ಲಿ ಯುನೆಸ್ಕೊ ಈ ಮರ್ದನ ವಿದ್ಯೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಡಗಾಲೂ ಮುಗಿಯಿತು. ಈಗ ಕುಳಿತಿದ್ದೀರಿ, ಬೆರಳುಗಳು ಕತ್ತಿನ ಹಿಂದೆ ಹೆಣೆದುಕೊಂಡಿವೆ. ಆಕೆ ಹಿಂದಿನಿಂದ ತೋಳು ತೂರಿಸಿ, ನಿಮ್ಮ ಮುಂಡವನ್ನು ಬಲಕ್ಕೆ ತಿರುಗಿಸುತ್ತಾಳೆ. ಪಕ್ಕೆಲುಬುಗಳ ನಡುವೆ ಎಂದೂ ತೆರೆಯದ ಜಾಗ ತೆರೆಯುತ್ತದೆ. ಕತ್ತನ್ನು ಥಟ್ಟನೆ ಮುರಿದಂತೆ ತಿರುಗಿಸಲು ಯಾರೇ ಬಂದರೂ ಬೇಡವೆನ್ನಿ. ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಮೂಳೆ ಸವೆದವರು, ಬೆನ್ನಿನ ಡಿಸ್ಕ್ ಜಾರಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಈ ಹಾಸಿಗೆಗೆ ಬರಬಾರದು. ಉಳಿದವರಿಗೆ ಒಂದೇ ಮಾತು ಸಾಕು: “ಬಾವ್ ಬಾವ್”, ಅಂದರೆ ಮೆಲ್ಲಗೆ. ಆಕೆ ಖಂಡಿತ ಕೇಳಿಸಿಕೊಳ್ಳುತ್ತಾಳೆ.

ಎದ್ದು ನಿಂತಾಗ ಹೆಜ್ಜೆ ಉದ್ದವಾಗಿದೆ. ಆದರೆ ಒಂದೇ ಬಾರಿಯ ಎಳೆತದಿಂದ ದಕ್ಕಿದ ಈ ಸಡಿಲು ಬಹಳ ಹೊತ್ತು ಉಳಿಯುವುದಿಲ್ಲ. ಅದಕ್ಕೂ ಈ ದೇವಾಲಯದಲ್ಲಿ ಉತ್ತರವಿದೆ. ಅಂಗಳದ ಕೃತಕ ಗುಡ್ಡದ ಕಲ್ಲುಗಳ ನಡುವೆ ಋಷಿಗಳ ವಿಗ್ರಹಗಳಿವೆ, ಮೂರನೇ ರಾಮನೇ ಮಾಡಿಸಿದವು. ಒಬ್ಬ ತನ್ನ ಕಾಲನ್ನು ತಾನೇ ಹಿಡಿದೆಳೆಯುತ್ತಿದ್ದಾನೆ, ಇನ್ನೊಬ್ಬ ಸೊಂಟ ತಿರುಚಿ ಕುಳಿತಿದ್ದಾನೆ. ಯಾರ ನೆರವೂ ಇಲ್ಲದ ದಿನಗಳಿಗೆಂದೇ ಇರುವ ಪಾಠ ಇದು. ನೀವು ನೆರಳಿಗೆ ಸರಿದು, ಬೆರಳು ಹೆಣೆದು, ಅಂಗೈಗಳನ್ನು ಆಕಾಶಕ್ಕೆ ತಿರುಗಿಸಿ ಮೇಲೆತ್ತುತ್ತೀರಿ. ಆಕೆ ಕಲಿಸಿದ ಲೆಕ್ಕದಲ್ಲೇ: ಉಸಿರು ಬಿಡುವಾಗ ಬಾಗಿ, ಎಳೆದುಕೊಳ್ಳುವಾಗ ತಡೆದು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.